ಹಾಜರಿ ಪುಸ್ತಕದ ಮೂರನೇ ಸಾಲು

ಸರ್ಕಾರಿ ಶಾಲೆ ಇದ್ದ ಮೇಲೆ ಎಸ್‌ಡಿಎಂಸಿ ಇರುತ್ತದೆ, ಎಸ್‌ಡಿಎಂಸಿ ಇದ್ದ ಮೇಲೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ತಡೆಯಲು ಹೋಗಿ ಹೋಗಿ ನನಗೆ ಸುಸ್ತಾಗಿದೆ. ಈಗ ಬರೆದಿಡುತ್ತೇನೆ, ಅಷ್ಟೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಎಸ್‌ಡಿಎಂಸಿ ಎಂದರೆ ಶಾಲೆಯ ಉಸ್ತುವಾರಿ ಸಮಿತಿ. ಮಕ್ಕಳ ಅಪ್ಪ ಅಮ್ಮಂದಿರೇ ಹದಿನೆಂಟು ಜನ ಸದಸ್ಯರು, ಅವರಲ್ಲೊಬ್ಬರು ಅಧ್ಯಕ್ಷರು. ಮುಖ್ಯ ಶಿಕ್ಷಕ ಸದಸ್ಯ ಕಾರ್ಯದರ್ಶಿ. ಅಂದರೆ ಅಧಿಕಾರ ಅವರದು, ಬರೆಯುವ ಕೆಲಸ ನನ್ನದು. ಚಿಂತಾಮಣಿಯಿಂದ ಜಂಗಮಕೋಟೆಗೆ ಹೋಗುವ ದಾರಿಯಲ್ಲಿ ಇಳಿದು, ಹಿಪ್ಪುನೇರಳೆ ತೋಟಗಳ ನಡುವೆ ಒಂದು ಮೈಲಿ ನಡೆದರೆ ನನ್ನ ಶಾಲೆ. ನಲವತ್ತೆರಡು ಮಕ್ಕಳು, ನಾನು, ಒಬ್ಬರು ಮೇಡಂ. ನಿವೃತ್ತಿಗೆ ಎರಡು ವರ್ಷ ಇತ್ತು. ಅಲ್ಲಿಯವರೆಗೆ ಇಬ್ಬರು ಶಿಕ್ಷಕರು ಇಬ್ಬರಾಗಿಯೇ ಉಳಿದರೆ ಸಾಕು ಅನ್ನುವುದೊಂದೇ ನನ್ನ ಆಸೆ. ಒಬ್ಬರು ಕಮ್ಮಿಯಾದರೆ ಐದು ತರಗತಿಗೂ ಒಬ್ಬರೇ ಕಿರುಚಬೇಕು.

೧. ಸೀಟು

ಊರಲ್ಲಿ ಅಧ್ಯಕ್ಷರಾಗಲು ಯಾರಿಗೂ ಮನಸ್ಸಿರಲಿಲ್ಲ, ಒಬ್ಬರನ್ನು ಬಿಟ್ಟು. ರೇಷ್ಮೆ ಬೆಳೆಗಾರರು, ಮಾತುಗಾರರು, ಹಾಕಿದ ಷರ್ಟಿನ ಮಡಿಕೆ ಕೆಡದ ಮನುಷ್ಯ. ತೊಂದರೆ ಎಂದರೆ ಅವರ ಮಗಳು ಹಳದಿ ವ್ಯಾನ್ ಹತ್ತಿ ಚಿಂತಾಮಣಿಯ ಕಾನ್ವೆಂಟಿಗೆ ಹೋಗುತ್ತಿದ್ದಳು.

"ನಮ್ಮ ಶಾಲೇಲಿ ಮಗು ಓದ್ತಿರಬೇಕು ಅಂತ ನಿಯಮ ಇದೆ," ಎಂದೆ.

"ಅಷ್ಟೇನಾ ಮೇಷ್ಟ್ರೇ?" ಎಂದವರು ನಾಲ್ಕನೇ ದಿನಕ್ಕೆ ಮಗಳ ಟಿಸಿ ಹಿಡಿದುಕೊಂಡು ಬಂದರು. ಚುನಾವಣೆಯಲ್ಲಿ ಎದುರಾಳಿಯೇ ಇರಲಿಲ್ಲ.

ಮಾರನೇ ದಿನ ಮೂರನೇ ಕ್ಲಾಸಿನಲ್ಲಿ ಕೂತಿದ್ದ ಹುಡುಗಿಯನ್ನು ಮೇಡಂ ಕೇಳಿದರು, "ಯಾಕಮ್ಮ ಆ ಸ್ಕೂಲ್ ಬಿಟ್ಟೆ? ಅಲ್ಲಿ ಚೆನ್ನಾಗಿರಲಿಲ್ವಾ?"

"ಚೆನ್ನಾಗಿತ್ತು ಮಿಸ್. ನಮ್ಮಪ್ಪಂಗೆ ಇಲ್ಲಿ ಸೀಟು ಸಿಕ್ತು, ಅದಕ್ಕೆ ನನ್ನೂ ಸೇರಿಸಿದ್ರು."

೨. ಎರಡು ಪುಟ

ಹೊಸ ಅಧ್ಯಕ್ಷರಿಗೆಲ್ಲ ಒಂದು ದಿನದ ತರಬೇತಿ ಇತ್ತು. ನಮ್ಮವರು ಅಲ್ಲಿಂದ ಒಂದು ಕೈಪಿಡಿ ತಂದರು. ಸಮಿತಿಯ ಅಧಿಕಾರಗಳು ಒಂದು ಪುಟ, ಕರ್ತವ್ಯಗಳು ಎರಡು ಪುಟ. ನನ್ನ ಕೈಲಿ ಗಟ್ಟಿಯಾಗಿ ಓದಿಸಿದರು. ಅಧಿಕಾರ ಮುಗಿಯುವವರೆಗೆ ತಲೆಯಾಡಿಸುತ್ತ ಕೇಳಿದರು. ಕರ್ತವ್ಯ ಶುರುವಾದದ್ದೇ ಎದ್ದು ನಿಂತರು.

"ಆ ಎರಡು ಪುಟ ನೀವೇ ಇಟ್ಕೊಳಿ ಮೇಷ್ಟ್ರೇ. ಒಂದು ಪುಟ ನಂಗೆ ಸಾಕು. ನಂಗೆ ಆಸೆ ಕಮ್ಮಿ."

ಆ ಒಂದು ಪುಟದಲ್ಲಿ ಅವರಿಗೆ ಬಹಳ ಹಿಡಿಸಿದ್ದು ಶಿಕ್ಷಕರ ಹಾಜರಾತಿ ಗಮನಿಸುವುದು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಬಂದು ಹಾಜರಿ ಪುಸ್ತಕ ತೆಗೆಯುತ್ತಿದ್ದರು. ಮೊದಲ ಸಾಲಿನಲ್ಲಿ ನನ್ನ ಸಹಿ, ಎರಡನೆಯದರಲ್ಲಿ ಮೇಡಂ ಸಹಿ. ಮೊದಲ ದಿನವೇ ಅವೆರಡನ್ನೂ ನೋಡಿ, ಮೂರನೇ ಸಾಲಿನಲ್ಲಿ ತಮ್ಮ ಹೆಸರು ಬರೆದು ಸಹಿ ಹಾಕಿದರು.

"ಅಧ್ಯಕ್ಷರೇ, ಅದು ಶಿಕ್ಷಕರು ಹಾಕೋ ಜಾಗ."

"ಮತ್ತೆ ನಾನು ಬಂದು ನೋಡಿದ್ದಕ್ಕೆ ಗುರುತು ಬೇಡ್ವಾ? ನಾಳೆ ನೀವೇ ಬಂದಿಲ್ಲ ಅಂದ್ರೆ?"

ಆವತ್ತು ನನಗೆ ಬಿಸಿಯೂಟದ ಮೊಟ್ಟೆಯ ಲೆಕ್ಕ ಆನ್‌ಲೈನಿಗೆ ಏರಿಸಬೇಕಿತ್ತು, ನೆಟ್‌ವರ್ಕ್ ಇರಲಿಲ್ಲ, ವಾದ ಮಾಡುವ ಶಕ್ತಿಯೂ ಇರಲಿಲ್ಲ. ಹಾಕಿಕೊಳ್ಳಲಿ ಬಿಡು ಅಂದುಕೊಂಡೆ. ತಪ್ಪು ನನ್ನದೇ. ಆರು ತಿಂಗಳು ಅವರು ಒಂದು ದಿನವೂ ತಪ್ಪಿಸಲಿಲ್ಲ. ನಾವಿಬ್ಬರು ಸಿಎಲ್ ಹಾಕಿದ ದಿನಗಳಿವೆ, ಅವರದಿಲ್ಲ.

೩. ರುಚಿ

ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರೊಬ್ಬರು ರುಚಿ ನೋಡಬೇಕು. ಇದು ಕರ್ತವ್ಯದ ಪುಟದಲ್ಲಿತ್ತು. ಆದರೂ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು. ಮೊದಲ ವಾರ ಒಂದು ಚಮಚ, ಎರಡನೇ ವಾರ ಒಂದು ಬಟ್ಟಲು, ಆಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಒಂದು ತಟ್ಟೆ.

ಅಡುಗೆಯವರು ಗಡಿ ಕಡೆಯ ತೆಲುಗು ಹೆಂಗಸು. ಒಂದು ದಿನ ಮೂರನೇ ಸಲ ಸಾರು ಬಡಿಸುತ್ತ ಕೇಳಿದರು, "ಏಮಪ್ಪಾ, ಇನ್ನೂ ರುಚಿ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತಮ್ಮ. ನೆನ್ನೇದಕ್ಕೂ ಇವತ್ತಿನದಕ್ಕೂ ಏನು ವ್ಯತ್ಯಾಸ ಅಂತ ನೋಡ್ತಿದೀನಿ."

೪. ಸುಣ್ಣ ಬಿದ್ದ ಠರಾವು

ಆಮೇಲೆ ಶಿಕ್ಷಣ ಇಲಾಖೆಯ ಕಚೇರಿಯಿಂದ ಯಾರೋ ಬಂದು ದಾಖಲೆಗಳ ಫೋಟೊ ತೆಗೆದುಕೊಂಡು ಹೋದರು. ಹದಿನೈದು ದಿನಕ್ಕೆ ಪತ್ರ ಬಂತು: ನಲವತ್ತೆರಡು ಮಕ್ಕಳಿಗೆ ಇಬ್ಬರು ಶಿಕ್ಷಕರು ಸಾಕು, ತಮ್ಮಲ್ಲಿ ಮೂವರು ಸಹಿ ಮಾಡುತ್ತಿದ್ದಾರೆ, ಒಬ್ಬರು ಹೆಚ್ಚುವರಿ, ಅವರನ್ನು ಬೇರೆ ಶಾಲೆಗೆ ಕಳಿಸಲಾಗುವುದು. ನಮ್ಮಿಬ್ಬರಲ್ಲಿ ಕಿರಿಯರು ಮೇಡಂ, ಪತ್ರವನ್ನು ಎರಡು ಸಲ ಓದಿದರು. ಅವರ ಮಗುವಿಗೆ ಆಗ ಎಂಟು ತಿಂಗಳು.

ಕಚೇರಿಗೆ ಓಡಿದೆ. ಗುಮಾಸ್ತರು ಹೇಳಿದರು, "ಅವರು ಶಿಕ್ಷಕರಲ್ಲ ಅಂತ ನಿಮ್ಮ ಸಮಿತೀಲಿ ಠರಾವು ಮಾಡಿಸಿ ತನ್ನಿ ಸಾರ್."

ಠರಾವಿಗೆ ಕೋರಂ ಬೇಕು. ಆದರೆ ಊರಿನ ಮನೆಮನೆಯಲ್ಲೂ ರೇಷ್ಮೆ ಹುಳು ಕೊನೇ ಸಲ ಪೊರೆ ಬಿಟ್ಟು ಎದ್ದಿತ್ತು. ಆ ವಾರ ಅವಕ್ಕೆ ಸೊಪ್ಪು ಹಾಕುವವರು ಯಾವ ಸಭೆಗೂ ಬರುವುದಿಲ್ಲ, ಹೊರಗಿನವರನ್ನು ಹುಳುಮನೆಗೆ ಬಿಡುವುದೂ ಇಲ್ಲ, ರೋಗ ತಗುಲುತ್ತದೆ ಅಂತ. ಠರಾವಿನ ಪುಸ್ತಕ ಹಿಡಿದು, ಸಭೆಯನ್ನು ನಾನೇ ಹೊತ್ತುಕೊಂಡು ಮನೆಮನೆಗೆ ಹೋದೆ.

"ನೀವು ಅಲ್ಲೇ ನಿಂತ್ಕೊಳಿ ಸಾರ್, ಬುಕ್ ಒಂದು ಒಳಗೆ ಬರ್ಲಿ," ಎಂದು ಒಬ್ಬ ಸದಸ್ಯೆ ಕಿಟಕಿಯಲ್ಲಿ ಕೈ ಚಾಚಿದರು. ಪುಸ್ತಕಕ್ಕೂ ರೋಗ ಇದ್ದೀತೆಂದು ಅದರ ಮೇಲೆ ಸುಣ್ಣದ ಪುಡಿ ಉದುರಿಸಿ ಒಳಗೆ ತೆಗೆದುಕೊಂಡರು. ಹನ್ನೊಂದು ಮನೆ, ಹನ್ನೊಂದು ಸಲ ಸುಣ್ಣ. ಕೊನೆಗೆ ಅಧ್ಯಕ್ಷರ ಸಹಿ.

ಗುಮಾಸ್ತರು ಪುಸ್ತಕ ಬಿಚ್ಚಿ ನಾಲ್ಕು ಸಲ ಸೀನಿದರು. ಕಣ್ಣೊರೆಸಿಕೊಂಡು ಕೊನೆಯ ಸಹಿಯನ್ನು ಹಾಜರಿ ಪುಸ್ತಕದ ಫೋಟೊ ಜೊತೆ ಇಟ್ಟು ನೋಡಿದರು.

"ಏನ್ ಸಾರ್ ಇದು? ಠರಾವಿಗೆ ನಿಮ್ಮ ಮೂರನೇ ಶಿಕ್ಷಕರೇ ಸಹಿ ಹಾಕಿದಾರೆ. ತನ್ನ ವಿಷಯಕ್ಕೆ ತಾನೇ ಸಹಿ ಹಾಕಿದ್ರೆ ನಡೆಯಲ್ಲ."

೫. ಹೆಚ್ಚುವರಿ

ಕೊನೆಗೆ ಆದೇಶ ಬಂತು. ಹೆಚ್ಚುವರಿಯಾದಾಗ ಹೋಗಬೇಕಾದವರು ಕಿರಿಯರು. ಪುಸ್ತಕದಲ್ಲಿ ಎಲ್ಲರಿಗಿಂತ ಕಿರಿಯರು ಮೂರನೇ ಸಾಲಿನವರು. ನಮ್ಮ ಅಧ್ಯಕ್ಷರನ್ನು ಅಂಬಾಜಿದುರ್ಗದ ತಪ್ಪಲಿನ ಒಂದು ಶಾಲೆಗೆ ಹಾಕಿದ್ದರು.

ಮೇಡಂ ಮತ್ತು ನಾನು ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟರಲ್ಲಿ ಅಧ್ಯಕ್ಷರು ಬಂದರು. ಅವರು ನಗುತ್ತಿರಲಿಲ್ಲ.

"ಮೇಷ್ಟ್ರೇ, ನಾನು ಹೋದ್ರೆ ಹುಳಕ್ಕೆ ಸೊಪ್ಪು ಹಾಕೋರ್ಯಾರು? ಇದನ್ನ ತಡೆಯೋ ಅಧಿಕಾರ ನಂಗೆ ಇರಬೇಕಲ್ಲ, ಪುಟ ತೆಗೀರಿ."

ತೆಗೆದೆ. ವರ್ಗಾವಣೆ ತಡೆಯುವ ಅಧಿಕಾರ ಸಮಿತಿಗೆ ಇರಲಿಲ್ಲ.

ಇಬ್ಬರೂ ಕಚೇರಿಗೆ ಹೋದೆವು. ಎಷ್ಟು ಹೇಳಿದರೂ ಗುಮಾಸ್ತರದು ಒಂದೇ ಮಾತು, "ಆದೇಶ ಆಗಿಬಿಟ್ಟಿದೆ. ರದ್ದು ಮಾಡ್ಬೇಕು ಅಂದ್ರೆ ಸಂಬಂಧಪಟ್ಟ ಶಿಕ್ಷಕರೇ ಅರ್ಜಿ ಕೊಡ್ಬೇಕು, ಮುಖ್ಯ ಶಿಕ್ಷಕರ ಶಿಫಾರಸಿನ ಜೊತೆ."

ಮೊದಲು ಇದು ರದ್ದಾಗಲಿ, ಮಿಕ್ಕಿದ್ದು ಆಮೇಲೆ ಅಂದುಕೊಂಡೆ. ಅಧ್ಯಕ್ಷರು ಅಲ್ಲೇ ಬೆಂಚಿನ ಮೇಲೆ ಕೂತು 'ಕೌಟುಂಬಿಕ ತೊಂದರೆ' ಅಂತ ಬರೆದರು. ನಾನು 'ಶಿಫಾರಸು ಮಾಡಿದೆ' ಅಂತ ಬರೆದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ನನ್ನ ಶಿಫಾರಸಿಗೆ ಬೆಲೆ ಸಿಕ್ಕಿದ್ದು ಅದೊಂದೇ ಸಲ. ವಾರದೊಳಗೆ ಉತ್ತರ ಬಂತು: ಕೋರಿಕೆ ಮನ್ನಿಸಿ ಸದರಿ ಶಿಕ್ಷಕರನ್ನು ಅದೇ ಶಾಲೆಯಲ್ಲಿ ಮುಂದುವರಿಸಲಾಗಿದೆ.

ಅದರ ಕೆಳಗೆ ಇನ್ನೊಂದು ಪ್ಯಾರಾ ಇತ್ತು. ಮೂರನೆಯವರಿಗೆ ಕೌಟುಂಬಿಕ ತೊಂದರೆ ಇದೆ, ಎರಡನೆಯವರಿಗೆ ಎಳೇ ಕೂಸಿದೆ, ಆದ್ದರಿಂದ ಹೆಚ್ಚುವರಿ ಎಂದು ಮೊದಲ ಸಾಲಿನವರನ್ನು ಪರಿಗಣಿಸಲಾಗಿದೆ.

ಇದನ್ನು ಅಂಬಾಜಿದುರ್ಗದ ತಪ್ಪಲಿನ ಶಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಹಳೇ ಶಾಲೆಯಲ್ಲಿ ಮೇಡಂ ಒಬ್ಬರೇ ಐದು ತರಗತಿ ನೋಡುತ್ತಿದ್ದಾರೆ, ಮಗುವನ್ನು ಅಡುಗೆಯವರ ಮಡಿಲಲ್ಲಿ ಬಿಟ್ಟು.

ನೆನ್ನೆ ಅಧ್ಯಕ್ಷರು ಫೋನ್ ಮಾಡಿದ್ದರು. ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ, ದನಿಯಲ್ಲೇ ಗೊತ್ತಾಗುತ್ತಿತ್ತು.

"ನೀವು ಹೋಗಿದ್ದು ಅನ್ಯಾಯ ಮೇಷ್ಟ್ರೇ. ಕರ್ತವ್ಯದ ಪುಟಾನೂ ಓದ್ದೆ. ಶಿಕ್ಷಕರು ಕಮ್ಮಿ ಇದ್ರೆ ಕೇಳಿ ತರಿಸ್ಕೊಳೋದು ಸಮಿತಿ ಕೆಲಸ ಅಂತ ಇದೆ. ಹದಿನೆಂಟು ಜನಾನೂ ಸಹಿ ಹಾಕಿದೀವಿ, ನಿಮ್ಮನ್ನ ವಾಪಸ್ ಕಳಿಸಿ ಅಂತ."

"ಕಚೇರಿಗೆ ಕೊಟ್ರಾ ಅಧ್ಯಕ್ಷರೇ?" ಎಂದೆ.

"ಕೊಟ್ಟೆ. ತಗೊಳ್ಳಲ್ಲ ಅಂದ್ರು. ಶಿಕ್ಷಕರಾಗಿದ್ದುಕೊಂಡು ಸಮಿತಿ ಅಧ್ಯಕ್ಷರಾಗೋ ಹಾಗಿಲ್ವಂತೆ."