ಸರ್‌ಪ್ರೈಸ್ ಎಂಬ ಪದ ನನಗೆ ಅರ್ಥವಾದ ಬಗೆ

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನ್ನ ಹೆಂಡತಿ ನಾಗಲಿಂಗಮ್ಮನಿಗೆ ಒಂದೇ ಒಂದು ಸರ್‌ಪ್ರೈಸ್ ಕೊಡಲು ನನ್ನಿಂದಾಗಿರಲಿಲ್ಲ. ಕೊಟ್ಟೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನಿಗೆ ಇದಕ್ಕಿಂತ ಅವಮಾನವುಂಟೆ? ಪದದ ಸ್ಪೆಲ್ಲಿಂಗ್ ಗೊತ್ತು, ಹುಟ್ಟಿದ ದೇಶ ಗೊತ್ತು. ಸ್ವಂತ ವಾಕ್ಯದಲ್ಲಿ ಪ್ರಯೋಗಿಸುವುದು ಮಾತ್ರ ಕೈಗೂಡದು. ಗುಟ್ಟಾಗಿ ಸೀರೆ ತಂದರೆ ಬಾಗಿಲಲ್ಲೇ, "ಆ ಹಸರು ಒಲ್ಲೆ, ಬದ್ಲಿ ಮಾಡಿಸ್ಕೊಂಡು ಬರ್ರಿ" ಅನ್ನುತ್ತಾಳೆ. (ಚೀಲ ಇನ್ನೂ ನನ್ನ ಕಂಕುಳಲ್ಲೇ ಇರುತ್ತದೆ.) ಪೇಟೆಯಲ್ಲಿ ನಾನು ಎಲ್ಲಿ ನಿಂತೆ, ಏನು ಕೊಂಡೆ ಎಂಬ ವರದಿ ನನಗಿಂತ ಮೊದಲೇ ಮನೆ ಸೇರಿರುತ್ತದೆ.

ಹಾಗಾಗಿ ೧೯೯೭ರ ಏಪ್ರಿಲ್‌ನಲ್ಲಿ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಅರಸೀಕೆರೆಗೆ ಹಾಕಿದಾಗ ಒಂದು ಮಹಾವ್ಯೂಹವನ್ನೇ ರಚಿಸಿದೆ. ಶನಿವಾರ ಬರುತ್ತೇನೆಂದು ಹೇಳಿ ಹೋಗುವುದು, ಗುರುವಾರವೇ ಪ್ರತ್ಯಕ್ಷನಾಗುವುದು.

ಗುರುವಾರ ಮಧ್ಯಾಹ್ನ ಬಸ್ಸಿನಲ್ಲಿ ತೂಕಡಿಸುತ್ತಿದ್ದೆ. ಟ್ರ್ಯಾಕ್ಟರ್ ಅಡ್ಡ ಬಂತೋ ಏನೋ, ಬಸ್ಸು ಗಕ್ಕನೆ ನಿಂತಿತು. ಮುಂದಿನ ಸೀಟಿನ ಕಬ್ಬಿಣದ ಕಂಬಿ ನನ್ನ ಹಣೆಗೆ ಬಡಿಯಿತು. ಕಣ್ಣು ಬಿಟ್ಟಾಗ ಕೊಟ್ಟೂರು. ಬಸ್ಸಿನಲ್ಲಿ ಒಬ್ಬರೂ ಇರಲಿಲ್ಲ. ಹಣೆ ಮುಟ್ಟಿ ನೋಡಿಕೊಂಡೆ, ನೋವೂ ಇರಲಿಲ್ಲ.

ಯಾರೂ ಗುರುತು ಹಿಡಿದು ಮನೆಗೆ ವರದಿ ಒಯ್ಯಬಾರದೆಂದು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಟವೆಲ್ ಸುತ್ತಿಕೊಂಡು ನಡೆದೆ. ಮೂರು ಗಂಟೆಯ ಬಿಸಿಲಿಗೆ ಬೀದಿ ಬರಿದಾಗಿತ್ತು. ದಿನಾ ಕೂಗಿ ಕರೆದು ಮಂಡಕ್ಕಿ ಮಿರ್ಚಿ ತಿನ್ನಿಸುವ ಹೋಟೆಲ್ ಮರುಳಪ್ಪ, ನಾನು ಗಾಜಿನವನೋ ಎಂಬಂತೆ ನನ್ನ ಹಿಂದಿನ ಗೋಡೆಯನ್ನು ನೋಡಿದ. "ಮರುಳಪ್ಪ" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಅವನು ನೊಣ ಓಡಿಸುವಂತೆ ಕೈಬೀಸಿ ಒಳಗೆ ಹೋದ. ಆರು ವರ್ಷದಿಂದ ನನ್ನ ಕೈಯ ರೊಟ್ಟಿ ತಿನ್ನುತ್ತಿದ್ದ ಓಣಿಯ ನಾಯಿ ನನ್ನನ್ನು ಕಂಡು ಬಾಲ ಮುದುರಿ ಊಳಿಟ್ಟಿತು. ಅಷ್ಟು ಬಿಸಿಲಿನಲ್ಲೂ ಅಂಗಾಲು ತಣ್ಣಗಾಯಿತು. (ಟವೆಲ್ ನೆನಪಾಗಬೇಕಿತ್ತು. ಆಗಲಿಲ್ಲ.)

ಮನೆಯ ಬಾಗಿಲು ಅರ್ಧ ತೆರೆದಿತ್ತು. ಬಿಸಿಲು ಬಾರದಂತೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಒಳಗೆ ಮಬ್ಬು. ನಡುಮನೆಯಲ್ಲಿ ಯಾರೋ ಕೆಮ್ಮಿದರು. ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು. ಆ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ಅದು ನನ್ನದು.

ಆಮೇಲೆ ನನ್ನ ದನಿ ಮಾತಾಡಿತು.

"ಸರ್‌ಪ್ರೈಸ್ ಅನ್ನೋದು ಫ್ರಾನ್ಸ್ ಕಡೆಯಿಂದ ಬಂದ ಪದ. ಸರ್ ಅಂದ್ರ ಮ್ಯಾಲೆ, ಪ್ರೈಸ್ ಅಂದ್ರ ಹಿಡಿಯೋದು. ಹಿಂದಕ ರಾಜರ ಕ್ವಾಟಿಯೊಳಗ ಮಂದಿ ಉಣ್ಣಾಕ ಕುಂತಾಗ ಹೇಳದ ಕೇಳದ ದಂಡು ಬಂದು ಬೀಳ್ತಿತ್ತು. ಅದಕ್ಕ ಸರ್‌ಪ್ರೈಸ್ ಅಂತಿದ್ರು. ಖುಷಿ ಅನ್ನೋ ಅರ್ಥ ಹುಟ್ಟಿದ್ದು ಆಮ್ಯಾಲೆ."

"ಹ್ಞೂಂರಿ" ಎಂದಳು ಅಡುಗೆಮನೆಯಿಂದ ನಾಗಲಿಂಗಮ್ಮ.

"ಬರೋದು ಬಂದಾಗ ಯಾರಿಗೂ ಗೊತ್ತಾಗಂಗಿಲ್ಲ. ತಿಳೀತಾ?"

"ತಿಳೀತ್ರಿ. ನೀವು ಹೇಳಿದ ಮ್ಯಾಲೆ ಮುಗೀತಲ್ಲ."

ಇಪ್ಪತ್ತೆರಡು ವರ್ಷದಲ್ಲಿ ನನ್ನ ಮಾತಿಗೆ ಅವಳು ಇಷ್ಟು ಮೆತ್ತಗೆ ಹ್ಞೂಂಗುಟ್ಟಿದ್ದನ್ನು ನಾನು ಕೇಳಿರಲಿಲ್ಲ. ಆ ಕಂಬಿಯ ಏಟಿಗೆ ನಾನು ಸತ್ತಿದ್ದರೆ ಒಳಗೆ ಮಾತಾಡುತ್ತಿರುವವನು ಯಾರು? ಒಳಗಿರುವವನು ನಾನೇ ಆದರೆ ಬಸ್ಸಿನಲ್ಲಿ ಬಂದವನು ಯಾರು? ಎರಡರಲ್ಲಿ ಯಾವುದು ನಿಜವಾದರೂ ಈ ಮನೆಗೆ ಇನ್ನು ನಾನು ಬೇಕಾಗಿಲ್ಲ ಅನ್ನಿಸಿ ಕಣ್ಣು ತುಂಬಿಬಂತು. ಚೌಕಟ್ಟು ಹಿಡಿದು ಹೊಸ್ತಿಲ ಮೇಲೆ ಕುಸಿದೆ.

ನಾಗಲಿಂಗಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಯಾವಾಗ ಬಂದ್ರಿ? ಮೊದ್ಲು ಆ ಟವೆಲ್ ತಗೀರಿ, ಕಳ್ಳರು ಕಂಡಂಗ ಕಾಣ್ತೀರಿ."

"ಒಳಗ ಮಾತಾಡಾಕತ್ತೋರು ಯಾರು?"

"ನೀವಽ."

"ಮತ್ತ ನಾನು?"

"ನೀವು ಶನಿವಾರ ಬರ್ತೀನಿ ಅಂದೋರು."

ಅವಳು ಒಳಗೆ ಹೋಗಿ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದಳು. ನಾನು ಅರ್ಧ ಮಾತಿನಲ್ಲಿ ನಿಂತುಹೋದೆ.

ನಡೆದದ್ದು ಇಷ್ಟು. ಹೋದ ವಾರ ಅದರ ರಿಪೇರಿಗೆ ಬಂದಿದ್ದ ದಾದಾಪೀರ್, "ಸರ್‌ಪ್ರೈಸ್ ಅಂದ್ರ ಸರ್‌ಗೆ ಕೊಡೋ ಪ್ರೈಸೇನ್ರಿ ಸರ?" ಎಂದು ಕೇಳಿದ್ದ. ನಾನು ಮುಕ್ಕಾಲು ಗಂಟೆ ಉತ್ತರಿಸಿದ್ದೆ. ರೆಕಾರ್ಡಿಂಗ್ ಸರಿಯಾಯಿತೋ ಇಲ್ಲವೋ ನೋಡಲು ಅವನು ನನಗೆ ಹೇಳದೆ ಅದಷ್ಟನ್ನೂ ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದ.

"ಮಷಿನ್ನಿಗ್ಯಾಕ ಹ್ಞೂಂ ಅಂತೀಯ?" ಎಂದು ಕೇಳಿದೆ.

ಅವಳು ಕೈಯ ಹಿಟ್ಟು ಉದುರಿಸಿಕೊಂಡಳು. "ಮಧ್ಯಾಹ್ನ ಒಬ್ಬಾಕಿ ಇದ್ರ ಮನಿ ಒಂಥರಾ ಆಗ್ತೈತ್ರಿ. ಅಟ್ಟದ ಮ್ಯಾಲೆ ಯಾರೋ ಕುಂತು ನೋಡಿದಂಗ. ನಿಮ್ಮ ದನಿ ಹಚ್ಚಿದ್ರ ಅದು ಹೋಗಿಬಿಡ್ತೈತಿ."

ನನ್ನ ಎದೆ ಬೆಣ್ಣೆಯಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಜುಬೇದಾ ಬೀ ಗೋಡೆಯಾಚೆಯಿಂದ, "ಖರೇ ಐತ್ರಿ ಸರ, ನಿಮ್ಮ ಮಾತು ಶುರುವಾದ್ರ ಯಾರೂ ನಿಂದ್ರಂಗಿಲ್ಲ" ಎಂದರು.

ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. "ಇನ್ನ ಕ್ಯಾಸೆಟ್ ಬ್ಯಾಡ. ಖುಷಿ ಅನ್ನೋ ಅರ್ಥ ಹೆಂಗ ಹುಟ್ಟಿತು ಅಂತ ನಾನಽ ಹೇಳ್ತೀನಿ, ಕೇಳು."

"ನೀವು ಬಂದೀರಲ್ಲ, ಅಂಜಿಕಿ ಹೋತು. ಇನ್ನ ಸುಮ್ಮನಿರ್ರಿ" ಎಂದು ಅವಳು ಒಳಗೆ ಹೋದಳು.

ಮಧ್ಯಾಹ್ನದ ಅಂಜಿಕೆಗೆ ತಮಗೂ ಬೇಕೆಂದು ಓಣಿಯ ಹೆಂಗಸರು ಕೇಳಿದ್ದಕ್ಕೆ, ತಿಂಗಳೊಳಗೆ ದಾದಾಪೀರ್ ಆ ಕ್ಯಾಸೆಟ್ಟಿನ ನಾಲ್ಕು ಕಾಪಿ ಮಾಡಿಕೊಟ್ಟ. ಈಗ ಮಧ್ಯಾಹ್ನ ಓಣಿಯಲ್ಲಿ ಬರುವಾಗ ಮನೆಮನೆಯ ಮಬ್ಬಿನೊಳಗಿಂದ ನಾನು ಕೆಮ್ಮುತ್ತೇನೆ, ಮಾತಾಡುತ್ತೇನೆ. ಮೈಮೇಲಿನ ಕೂದಲು ಇವತ್ತಿಗೂ ನಿಮಿರುತ್ತದೆ. ಆದರೂ ಜುಬೇದಾ ಬೀ ಮನೆಯ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಾನು ಹೇಳಿದ್ದಕ್ಕೆ ಹೆಂಗಸೊಬ್ಬಳು ಹ್ಞೂಂ ಅನ್ನುವುದನ್ನು ಕೇಳಬೇಕೆಂದರೆ ನನಗೆ ಬೇರೆ ಜಾಗವಿಲ್ಲ.