ನನ್ನ ವರದಿ, ಅಕ್ಕಾರ ಪಾಠ

ಮೇಲಿನವರಿಗೆ ಮಾಸ್ತರರ ಮೇಲೆ ನಂಬಿಕೆಯಿಲ್ಲ ಎಂಬುದು ನನ್ನ ಹಳೆಯ ತಕರಾರು. ಕೊರೊನಾ ವರ್ಷದಲ್ಲಿ ಅದು ಹುಣ್ಣಾಯಿತು. ಶಾಲೆಗೆ ಬೀಗ ಬಿದ್ದಿತ್ತು, ಪಾಠ ಮಾತ್ರ ನಿಲ್ಲಬಾರದೆಂದು ಅಪ್ಪಣೆಯಾಗಿತ್ತು. ದಿನಕ್ಕೆ ಹತ್ತು ಮಕ್ಕಳಿಗೆ ಫೋನ್ ಮಾಡಬೇಕು, ಒಬ್ಬೊಬ್ಬರಿಗೆ ಹದಿನೈದು ನಿಮಿಷ ಕಲಿಸಬೇಕು, ಏನು ಕಲಿಸಿದೆ, ಮಗು ಏನೆಂದಿತು ಎಂದು ವಹಿಯಲ್ಲಿ ಬರೆದು ಸಂಜೆ ಐದರೊಳಗೆ ಅದರ ಫೋಟೊ ಕಳಿಸಬೇಕು. ಐದರ ಮೇಲೆ ಒಂದು ನಿಮಿಷವಾದರೆ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೆದುರು ನನ್ನ ಹೆಸರು, ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ. ಇದರ ಜೊತೆಗೆ ಮನೆಮನೆ ಸಮೀಕ್ಷೆ, ಬಿಸಿಯೂಟದ ಅಕ್ಕಿ ಬೇಳೆ ಹಂಚಿಕೆ, ಮತ್ತು ಇವನ್ನೆಲ್ಲ ಮಾಡಿದ್ದೇನೆ ಎಂಬುದಕ್ಕೆ ಬೇರೆ ಬೇರೆ ನಮೂನೆಗಳು. ಪಾಠಕ್ಕಿಂತ ಪಾಠದ ವರದಿಯೇ ಉದ್ದವಾಗಿತ್ತು.

ನಾನು ಗಬ್ಬೂರಿನ ಆ ಶಾಲೆಗೆ ವರ್ಗವಾಗಿ ಬಂದದ್ದೇ ಬೀಗ ಬಿದ್ದ ಮೇಲೆ. ಮೂರನೆಯ ತರಗತಿಯ ಇಪ್ಪತ್ತೆರಡು ಮಕ್ಕಳಲ್ಲಿ ಒಂದರ ಮುಖವನ್ನೂ ನೋಡಿರಲಿಲ್ಲ. ಕೆಲಗೇರಿಯ ನನ್ನ ಮನೆಯ ಪಡಸಾಲೆಯಲ್ಲಿ ಕೂತವನಿಗೆ ಅವರೆಲ್ಲ ಒಂದು ಹೆಸರು, ಒಂದು ನಂಬರು. ಮೊದಲ ವಾರ ನಿಷ್ಠೆಯಿಂದಲೇ ದುಡಿದೆ. ಕೆಲವು ನಂಬರು ಯಾರೂ ಎತ್ತುತ್ತಿರಲಿಲ್ಲ, ಒಬ್ಬನ ಅಪ್ಪ ಫೋನನ್ನು ಕೆಲಸಕ್ಕೆ ಒಯ್ದಿರುತ್ತಿದ್ದ, ಇನ್ನೊಬ್ಬಳು ಫೋನ್ ಹಿಡಿದು ಬರೀ ಉಸಿರಾಡುತ್ತಿದ್ದಳು. (ಮಗುವಿನ ಪ್ರತಿಕ್ರಿಯೆ ಎಂಬ ಕಾಲಮ್ಮಿನಲ್ಲಿ "ಉಸಿರಾಡಿತು" ಎಂದು ಬರೆಯಲು ಬರುವುದಿಲ್ಲ.)

ಎರಡನೆಯ ವಾರ ನನಗೆ ಜ್ಞಾನೋದಯವಾಯಿತು. ಹೆಂಡತಿ ದಾಕ್ಷಾಯಿಣಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಫೋನ್ ಒಯ್ದು ಅವಳ ಮುಂದಿಟ್ಟೆ.

"ಉಂಡ್ಯಾ, ಓದಿದ್ಯಾ ಅಂತ ಒಂದೀಟು ಕೇಳಿಬಿಡು. ಉಳಿದದ್ದು ನಾ ಬರಕೋತೇನಿ."

"ಉಂಡ್ಯಾ ಅಂತ ಕೇಳಾಕ ಸರಕಾರ ನಿಮಗ ಪಗಾರ ಕೊಡತೈತೇನ್ರಿ?" ಎಂದಳು.

ಸರಕಾರಕ್ಕೆ ಬೇಕಾದದ್ದು ವರದಿ, ವರದಿಯ ಹೊಣೆ ನನ್ನದು, ಇದನ್ನೇ ಕಾರ್ಯವಿಭಜನೆ ಎನ್ನುತ್ತಾರೆ ಎಂದು ನಾನು ಗಂಭೀರವಾಗಿ ಉಪದೇಶಿಸಿದೆ. ಅವಳು ಕೈಗಂಟಿದ ಹಿಟ್ಟು ತೊಳೆದುಕೊಂಡು ಫೋನ್ ಎತ್ತಿಕೊಂಡಳು. (ಪಿಯುಸಿ ಮುಗಿಸಿದಾಗ ಅವಳಿಗೆ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತ್ತು. ಅದೇ ತಿಂಗಳು ನಾನೂ ಸಿಕ್ಕೆ. ಸೀಟು ಬಿಟ್ಟಳು.)

ಅಂದಿನಿಂದ ನನ್ನ ಬದುಕು ಸುಗಮವಾಯಿತು. ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಫೋನು, ಪಡಸಾಲೆಯ ಮಂಚದ ಮೇಲೆ ನಾನು, ನನ್ನ ಎದೆಯ ಮೇಲೆ ವಹಿ. ಒಳಗಿನಿಂದ ಏನೇನೋ ಕೇಳುತ್ತಿತ್ತು. ಬುಟ್ಟಿಯಲ್ಲಿ ಹನ್ನೆರಡು ರೊಟ್ಟಿ, ನಿಮ್ಮಪ್ಪ ಐದು ತಿಂದ, ಇನ್ನೆಷ್ಟು ಉಳಿದವು ಎಂದು ಅವಳು ಕೇಳುವುದು, ಆ ಕಡೆ ಯಾರೋ ಬೆರಳು ಮಡಚಿ ಎಣಿಸುವುದು. ಎಷ್ಟೋ ದಿನ ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ನಾನು ದೊಡ್ಡ ಮನಸ್ಸು ಮಾಡಿ ತಿಂದೆ.

ವಹಿಯಲ್ಲಿ ನನ್ನ ಪ್ರತಿಭೆ ಅರಳಿತು. "ಮಗು ಸರಾಗವಾಗಿ ಓದುತ್ತದೆ." "ವ್ಯವಕಲನದಲ್ಲಿ ಪ್ರಾವೀಣ್ಯ ಸಾಧಿಸಿದೆ." ಯಾರಿಗೆ ಏನು ಕಲಿಸಿದಳೆಂದು ದಾಕ್ಷಾಯಿಣಿಯನ್ನು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಶೈಲಿ ಕೆಡುತ್ತದೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಹತ್ತೂವರೆಗೆ ಮನೆಯ ಮುಂದೆ ಸ್ಕೂಟಿ ನಿಂತಿತು. ಇಳಿದವರು ಪ್ರಭಾವತಿ ಮೇಡಂ. ನಮ್ಮ ಭಾಗದ ಹದಿನೈದು ಶಾಲೆಗಳ ಮೇಲೆ ಕಣ್ಣಿಡುವವರು, ಆ ಪ್ರಶ್ನಾರ್ಥಕ ಚಿಹ್ನೆಯ ಒಡತಿ. ನಾನು ಲುಂಗಿಯ ಮೇಲೆಯೇ ಇಸ್ತ್ರಿ ಅಂಗಿ ಏರಿಸಿಕೊಂಡು ಬಂದೆ. ಅವರು ವಹಿ ಕೇಳಿದರು, ಹಾಳೆ ತಿರುವಿದರು, ಕರುಣಾ ಎಂಬ ಹೆಸರಿನ ಮೇಲೆ ಬೆರಳಿಟ್ಟರು.

"ಈಕಿ ಕೂಡ ಇಪ್ಪತ್ತು ಸಲ ಮಾತಾಡೀರೇನ್ರಿ, ಶಂಭುಲಿಂಗ ಸರ್?"

ಮಾತಾಡಿದ್ದೇನೆ, ಬಹಳ ಚುರುಕು ಹುಡುಗಿ ಎಂದೆ.

"ಈ ನಂಬರು ಬೈಪಾಸಿನ ಬಾಜೂಕ ಇರೋ ಪಂಕ್ಚರ್ ಅಂಗಡೀದು. ನಿನ್ನೆ ನಾ ಫೋನ್ ಹಚ್ಚಿದ್ದೆ. ಅಂಗಡಿಯವರು, ಇಮಾಮಹುಸೇನ ಅನ್ನೋರು, ಎತ್ತಿದ್ರು."

ಹುಡುಗಿಯ ಮನೆಯಲ್ಲಿ ಫೋನೇ ಇಲ್ಲವಂತೆ. ಶಾಲೆಗೆ ಸೇರಿಸುವಾಗ ಯಾವುದಾದರೊಂದು ನಂಬರು ಬೇಕೆಂದದ್ದಕ್ಕೆ ಅಜ್ಜಿ ಮುರಿಗೆವ್ವ ಮನೆ ಪಕ್ಕದ ಅಂಗಡಿಯದನ್ನು ಬರೆಸಿದ್ದಳಂತೆ. ಇಪ್ಪತ್ತು ಸಲ ನಾನು ಒಂದು ಪಂಕ್ಚರ್ ಅಂಗಡಿಗೆ ಸರಾಗವಾಗಿ ಓದಲು ಕಲಿಸಿದ್ದೆ. ಅಮಾನತು ಎಂಬ ಶಬ್ದ ಕಣ್ಣ ಮುಂದೆ ದಪ್ಪಕ್ಷರದಲ್ಲಿ ಬಂದು ನಿಂತಿತು. ಹದಿನೆಂಟು ವರ್ಷದ ನೌಕರಿ.

ದಾಕ್ಷಾಯಿಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಪ್ಪೆಲ್ಲ ತನ್ನದೇ ಎಂದು ಅವಳು ಒಪ್ಪಿಕೊಂಡುಬಿಡಲಿ ಎಂದು ಒಂದು ಕ್ಷಣ ಆಸೆಪಟ್ಟೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಪಟ್ಟದ್ದು ಹೌದು.

ಅವಳು ಬಾಯಿ ತೆರೆಯುವ ಮೊದಲೇ ಮೇಡಂ ಉಳಿದದ್ದನ್ನು ಹೇಳಿದರು. ಅಕ್ಕಾರ (ನಮ್ಮ ಕಡೆ ಮಕ್ಕಳು ಟೀಚರನ್ನು ಕರೆಯುವುದು ಹಾಗೆ) ಫೋನ್ ಬರುವ ಹೊತ್ತಿಗೆ ಕರುಣಾ ಪುಸ್ತಕ ಹಿಡಿದು ಅಂಗಡಿಗೆ ಬಂದು ಹಳೆಯ ಟಯರಿನ ಮೇಲೆ ಕೂತಿರುತ್ತಾಳಂತೆ. ಇಮಾಮಹುಸೇನ ಗಿರಾಕಿಗಳನ್ನು ಕಾಯಿಸಿ ಫೋನನ್ನು ಅವಳ ಕೈಗೆ ಕೊಡುತ್ತಾನಂತೆ. ನಿನ್ನೆ ಮೇಡಂ ಅಲ್ಲಿಗೇ ಹೋಗಿ ಓದಿಸಿ ನೋಡಿದ್ದರು. ಹುಡುಗಿ ಎಲ್ಲೂ ತೊದಲದೆ ಪಾಠ ಓದಿದಳು, ಕೊಟ್ಟ ಲೆಕ್ಕ ಮಾಡಿದಳು. ಅಲ್ಲಿಂದ ಇನ್ನೂ ಆರು ಮನೆಗೆ ಹೋದರೆ ಅಲ್ಲಿಯೂ ಇದೇ ಕಥೆ.

"ಏನಿಲ್ಲಂದ್ರೂ ಐದನೂರು ಸುಳ್ಳು ಬರದೀರಿ, ಸರ್. ನಿಮ್ಮ ಮನಿಯವರು ಕೂತು ಅಷ್ಟೂ ಖರೇ ಮಾಡ್ಯಾರ. ನಾ ಈಗ ಏನಂತ ನೋಟಿಸ್ ಬರೀಲಿ?"

ಬೈದಿದ್ದರೆ ಚೆನ್ನಾಗಿತ್ತು. ನೋಟಿಸಿಗಾದರೆ ಉತ್ತರ ಬರೆಯುವುದು ನನಗೆ ಗೊತ್ತು. ಹುಡುಗಿಗೆ ಫೋನಿಲ್ಲವೆಂದು ಇವರಿಗೆ ಯಾಕೆ ಹೇಳಲಿಲ್ಲ ಎಂದು ಮೇಡಂ ದಾಕ್ಷಾಯಿಣಿಯನ್ನು ಕೇಳಿದರು. ಅವಳು ಸಿಟ್ಟಿಲ್ಲದೆ, "ಅವರು ಕೇಳಲಿಲ್ರಿ" ಎಂದಳು.

ಅಷ್ಟರಲ್ಲಿ ಹನ್ನೊಂದಾಯಿತು. ಇವತ್ತು ನನ್ನೆದುರಿಗೆ ನೀವೇ ಕರುಣಾಗೆ ಫೋನ್ ಹಚ್ಚಿರಿ, ಸ್ಪೀಕರ್ ಹಾಕಿರಿ ಎಂದರು ಮೇಡಂ. ಹಚ್ಚಿದೆ. ಟಯರ್ ಬಡಿಯುವ ಸದ್ದು ಕೇಳಿತು, ನಿಂತಿತು, ಆಮೇಲೆ ಸಣ್ಣ ದನಿಯೊಂದು ಬಂತು.

"ನಮಸ್ಕಾರ್ರಿ ಅಕ್ಕಾರ."

ನಾನು ನಿಮ್ಮ ಸರ್ ಎಂದೆ.

"ನಮಗ ಸರ್ ಇಲ್ರಿ. ಅಕ್ಕಾರ ಅದಾರ." ಆಮೇಲೆ ಅವಳೇ ಗುರುತು ಹಿಡಿದಳು. "ನೀವು ಅಕ್ಕಾರ ಮನ್ಯಾಗಿನವ್ರೇನ್ರಿ? ಪಾಠ ನಡದಾಗ ಚಾ ತಾ, ಚಾ ತಾ ಅಂತ ಒದರವ್ರು?"

ಪ್ರಭಾವತಿ ಮೇಡಂ ಕಿಟಕಿಯತ್ತ ಮುಖ ತಿರುಗಿಸಿದರು. ಹೌದವ್ವ ಎಂದೆ.

"ನಿಮ್ಮದು ಅಕ್ಕಾರ ಹೇಳ್ಯಾರ್ರಿ. ನಮ್ಮನ್ಯಾಗೂ ಒಬ್ರು ಅದಾರ, ದಿನಾ ವಹಿ ಹಿಡಕೊಂಡು ಕೂಡ್ತಾರ, ಒಂದೂ ಕಲಿಯಂಗಿಲ್ಲ ಅಂತ." ಅಂಗಡಿಯವರಿಗೆ ಕೇಳಿ ನನ್ನ ಮಾನ ಹೋದೀತೆಂದೋ ಏನೋ, ಹುಡುಗಿ ದನಿ ತಗ್ಗಿಸಿದಳು. "ಅಂಜಬ್ಯಾಡ್ರಿ ಕಾಕಾ. ನನಗೂ ಮೊದಲ ಬರತಿರಲಿಲ್ಲ. ದಿನಾ ಅಕ್ಕಾರ ಬಾಜೂಕ ಕೂಡ್ರಿ, ಬರತೈತಿ."

"ಕೂಡ್ತೇನಿ ಅವ್ವಾ" ಎಂದೆ. ಫೋನನ್ನು ದಾಕ್ಷಾಯಿಣಿಯ ಕೈಗೆ ಕೊಟ್ಟು, ಅವಳ ಹಿಂದೆಯೇ ಅಡುಗೆಮನೆಗೆ ಹೋಗಿ ಅವಳು ಕೂರುವ ಮಣೆಯ ಪಕ್ಕದಲ್ಲಿ ಕೂತೆ.