ಐರನ್ ಬಜಾರಿಗೆ ಹತ್ತಕ್ಕೆ ಎಷ್ಟು?

ವಿಮರ್ಶೆ ಎಂದರೇನು ಎಂಬುದನ್ನು ಈ ಜಗತ್ತಿಗೆ ಒಮ್ಮೆ ತೋರಿಸಿಯೇ ಬಿಡಬೇಕೆಂದು ನಾನು ತೀರ್ಮಾನಿಸಿದ್ದು ಕಳೆದ ಏಪ್ರಿಲ್‌ನ ಒಂದು ಭಾನುವಾರ, ಎರಡನೇ ಕಪ್ ಚಹಾ ಮುಗಿಸಿದ ಮೇಲೆ. ಜಗತ್ತು ನನ್ನನ್ನು ಕೇಳಿರಲಿಲ್ಲ, ನಿಜ. ಆದರೆ ತನಗೆ ಬೇಕಾದದ್ದನ್ನು ಜಗತ್ತು ಎಂದು ತಾನಾಗಿ ಕೇಳಿದೆ, ಹೇಳಿ!

ಇದಕ್ಕೆಲ್ಲ ಕಾರಣ ನನ್ನ ಮಗಳು ಲಹರಿ. ‘ಐರನ್ ಬಜಾರ್’ ಎಂಬ ಹೊಡೆದಾಟದ ವಿಡಿಯೊ ಗೇಮ್ ಮೂವತ್ತು ವರ್ಷಗಳ ಮೇಲೆ ಹೊಸ ರೂಪದಲ್ಲಿ ಬಂದಿದೆ ಎಂದು ಅದನ್ನು ಟಿವಿಗೆ ಜೋಡಿಸಿ, ವಿಮರ್ಶಕರು ಬರೆದದ್ದನ್ನು ಮೊಬೈಲಿನಲ್ಲಿ ಓದಿ ಹೇಳುತ್ತಿದ್ದಳು. ಒಬ್ಬ ಹತ್ತಕ್ಕೆ ಒಂಬತ್ತು ಕೊಟ್ಟು ‘ಹಳೆಯ ಜೀವ, ಹೊಸ ಮೈ’ ಎಂದು ಕೊಂಡಾಡಿದ್ದ. ಇನ್ನೊಬ್ಬ ಆರು ಕೊಟ್ಟು, ‘ಎರಡು ತಾಸಿಗೆ ಮುಗಿದೇ ಹೋಯಿತು’ ಎಂದು ಗೋಳಾಡಿದ್ದ. ಮತ್ತೊಬ್ಬನಂತೂ ‘ನಿನ್ನೆಯ ಸಾರು ಬಿಸಿ ಮಾಡಿ ಬಡಿಸಿದ್ದಾರೆ’ ಎಂದು ಮೂಗು ಮುರಿದಿದ್ದ.

“ಇವರ ವಯಸ್ಸೆಷ್ಟು?” ಎಂದೆ.

“ಇಪ್ಪತ್ತೈದು ಇರಬೋದಪ್ಪ.”

“ನಾ ಆ ಆಟ ಆಡೂಮುಂದ ಇವರು ತೊಟ್ಟಿಲಿಗೂ ಬಂದಿರಲಿಲ್ಲ! ಇವರೇನು ಅಂಕ ಹಾಕ್ತಾರ?”

ಯಾಕೆಂದರೆ ಒಂದು ಕಾಲದಲ್ಲಿ ರಾಯಚೂರಿನ ಸ್ಟೇಷನ್ ರೋಡಿನ ವಿಡಿಯೊ ಪಾರ್ಲರಿನಲ್ಲಿ ನಾನು ‘ಉಕ್ಕಿನ ಕಾಶಿ’! ಒಂದೇ ನಾಣ್ಯ ಹಾಕಿ ಮಧ್ಯಾಹ್ನವಿಡೀ ಆಡುತ್ತಿದ್ದವನು ಈ ಕಾಶಿನಾಥ. ಈಗ ತೆಲುಗು ನಾಡಿಗೆ ಬಂದು ಕುಷಾಯಿಗೂಡದ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೇನೆ. ಇಪ್ಪತ್ತೆರಡು ವರ್ಷದಿಂದ ನನ್ನ ಸಹಿ ಇಲ್ಲದೆ ಒಂದು ಸರ್ಕ್ಯೂಟ್ ಬೋರ್ಡೂ ಗೇಟು ದಾಟಿಲ್ಲ. ತಪ್ಪು ಹುಡುಕಿಯೇ ಸಂಬಳ ತಿನ್ನುವವನಿಗಿಂತ ದೊಡ್ಡ ವಿಮರ್ಶಕ ಬೇಕೆ?

ತಕ್ಷಣ ಅಮರಯ್ಯನವರಿಗೆ ಫೋನು ಮಾಡಿದೆ. ಅವರು ನಮ್ಮ ಕನ್ನಡ ಸಂಘದ ಅಧ್ಯಕ್ಷರು, ಸಂಘದ ಪತ್ರಿಕೆಗೆ ಸಂಪಾದಕರು, ಸದಸ್ಯರ ಮನೆ ಜಗಳಗಳಿಗೆ ನ್ಯಾಯಾಧೀಶರು. “ಎರಡು ಪುಟ ಖಾಲಿ ಅದಾವ್ರಿ. ನಾಳಿ ಮುಂಜಾನಿಗೆ ಕೊಡ್ರಿ,” ಎಂದರು. ಲಹರಿ ಮಿಯಾಪುರದಲ್ಲಿರುವ ಗೆಳತಿ ಕಾವ್ಯಾಳ ಮನೆಗೆ ಹೊರಟುಹೋದಳು. ನಾನು ತೋಳೇರಿಸಿ ಕುಳಿತೆ.

ನಮ್ಮ ಕಾಲದಲ್ಲಿ ಒಂದು ಹಿಡಿಕೆ, ಎರಡು ಗುಂಡಿ. ಈಗಿನ ರಿಮೋಟಿನಲ್ಲಿ ಗುಂಡಿಗಳು ಅಂಗಿಗಿಂತ ಹೆಚ್ಚು! ಒದೆಯಲು ಹೋದರೆ ನನ್ನ ವೀರ ಕುಣಿಯುತ್ತಿದ್ದ, ಗುದ್ದಲು ಹೋದರೆ ಕೂರುತ್ತಿದ್ದ. ಅರ್ಧ ಗಂಟೆಯಲ್ಲಿ ಮೊದಲನೇ ಬೀದಿಯಲ್ಲೇ ಏಳು ಸಲ ಸತ್ತೆ. ಒಂದು ಸಲವಂತೂ ಯಾರೂ ಹೊಡೆಯದೆ, ನಾನೇ ಚರಂಡಿಗೆ ಬಿದ್ದು ಸತ್ತೆ. ಜೊತೆಗೊಬ್ಬರಿದ್ದರೆ ಸುಲಭವಾದೀತೆಂದು ಅಡುಗೆಮನೆಯಲ್ಲಿ ತೊಗರಿಬೇಳೆ ಆರಿಸುತ್ತಿದ್ದ ನನ್ನ ಹೆಂಡತಿಯನ್ನು ಕರೆದೆ.

“ಗುರುದೇವಿ, ಒಂಚೂರು ಬಾ. ಕೈ ಜೋಡಸು.”

“ನನಗೇನು ತಿಳೀತೈತ್ರಿ ಇದರಾಗ?”

“ತಿಳಿಯೂದೇನೈತಿ? ಎದುರು ಬಂದೋರ್ನ ಹೊಡಿಯೂದು.”

“ಅಷ್ಟನ?” ಎಂದು ಸೆರಗು ಸಿಕ್ಕಿಸಿ ಕುಳಿತಳು.

ಜೊತೆಗಾರರ ಪೆಟ್ಟು ಒಬ್ಬರಿಗೊಬ್ಬರಿಗೆ ತಗುಲುವ ಹಳೆಯ ಪದ್ಧತಿ ಬೇಕೇ ಎಂದು ಆಟ ಕೇಳಿತು. ಬೇಕು ಎಂದು ಒತ್ತಿದೆ. ಪರಂಪರೆ ಎಂದರೆ ಪರಂಪರೆ! ಕೈ ಜೋಡಿಸು ಎಂದವನಿಗೆ ಅವಳು ಮೊದಲ ನಿಮಿಷದಲ್ಲೇ ಕೈ ಕೊಟ್ಟಳು, ಅದೂ ದವಡೆಗೆ! ನಾನು ಸಿಟ್ಟಿನಿಂದ ತಿರುಗಿ ಒದ್ದೆ. ಅಲ್ಲಿಗೆ ಶತ್ರುಗಳು ಆರಾಮಾಗಿ ನಿಂತು ನೋಡತೊಡಗಿದರು.

ಇಷ್ಟರಲ್ಲಿ ಗುರುದೇವಿಯ ಜೀವ ಕೂದಲೆಳೆಗೆ ಬಂತು. ಈ ಆಟದ ಧರ್ಮವೇನೆಂದರೆ, ಬೀದಿಯ ಕಸದ ಡಬ್ಬಿ ಒಡೆದರೆ ಒಳಗಿಂದ ಹುರಿದ ಕೋಳಿ ಬರುತ್ತದೆ. ತಿಂದರೆ ಶಕ್ತಿ! ನಾನೇ ಡಬ್ಬಿ ಒಡೆದು ಕೊಟ್ಟೆ.

“ತಿನ್ನು!”

“ಛೀ! ಕಸದಾಗಿಂದು! ಅದರಾಗ ಕೋಳಿ! ಕೊರಳಾಗ ಲಿಂಗ ಐತಿ, ನೆಪ್ಪೈತಿಲ್ಲೋ?”

“ಅದು ಕಂಪ್ಯೂಟರ್ ಕೋಳಿನ ಮಾರಾಯ್ತಿ!”

“ಯಾರ ಮನಿ ಕೋಳಿ ಆದ್ರೇನು? ಸತ್ರೂ ತಿನ್ನಂಗಿಲ್ಲ!”

“ಕೋಳಿ ತಿನ್ನು, ಇಲ್ಲಾಂದ್ರ ಸಾಯ್ತಿ!” ಎಂದು ಗಂಟಲು ಹರಿಯುವಂತೆ ಕೂಗಿದೆ.

“ಸಾಯ್ತೀನಿ! ಹೊಡೀರಿ! ಎಷ್ಟು ಹೊಡೀತೀರಿ ಹೊಡೀರಿ!” ಎಂದು ಅವಳೂ ಕೂಗಿದಳು. ಸತ್ತಳು. ಮತ್ತೆ ಹುಟ್ಟಿ ಬಂದು ನನಗೇ ಗುದ್ದಿದಳು. ಸೇಡು ತೀರಿಸಿಕೊಳ್ಳಲು ನಾನು ಆವೇಶದಿಂದ ಎದ್ದು ಹಾರಿದೆ. ಟಿವಿಯೊಳಗಿನ ವೀರ ಹಾರಲಿಲ್ಲ. ಹೊರಗಿನ ವೀರನ ಹುಬ್ಬು ಶೋಕೇಸಿನ ತೆರೆದ ಬಾಗಿಲಿಗೆ ಬಡಿದು ನಿಂಬೆಹಣ್ಣಿನಷ್ಟು ಊದಿಕೊಂಡಿತು.

ಸೆಕೆಯೆಂದು ಕಿಟಕಿಗಳನ್ನೆಲ್ಲ ತೆಗೆದಿದ್ದೆವು. ಕೆಳಗಿನ ಮನೆಯ ಸತ್ಯಭಾಮಾಬಾಯಿ ಬೀದರಿನವರು. ಕನ್ನಡ ಬಾರದವರು ಅಲ್ಲಿದ್ದಿದ್ದರೆ ನಾನು ಬಚಾವಾಗುತ್ತಿದ್ದೆ! ಆ ತಾಯಿ ಒಂದಕ್ಷರ ಬಿಡದೆ ಕೇಳಿಸಿಕೊಂಡು ಅಮರಯ್ಯನವರಿಗೆ ಫೋನು ಮಾಡಿದ್ದರು: ಕಾಶಿನಾಥ ಲಿಂಗವಂತರ ಹೆಣ್ಣುಮಗಳಿಗೆ ಹೊಡೆದು ಹೊಡೆದು ಕೋಳಿ ತಿನ್ನಿಸುತ್ತಿದ್ದಾನೆ, ಬೇಗ ಬನ್ನಿ!

ಹತ್ತೇ ನಿಮಿಷದಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಅಮರಯ್ಯನವರು, ಸತ್ಯಭಾಮಾಬಾಯಿ, ಅವರ ಹಿಂದೆ ಕೊಡೆ ಹಿಡಿದುಕೊಂಡ ಅವರ ಯಜಮಾನರು ಅಂಬಾದಾಸರು. ಮಳೆಯ ಸುಳಿವಿರಲಿಲ್ಲ. ಕೊಡೆ ನನಗಾಗಿಯೇ ಬಂದಿತ್ತು.

ಅಮರಯ್ಯನವರು ನನ್ನ ಕಡೆ ನೋಡಲೂ ಇಲ್ಲ. “ಏನವ್ವಾ ಗುರುದೇವಿ, ಅಂಜಬ್ಯಾಡ. ಇವರು ನಿನಗ ಹೊಡದಾರೇನು?”

ಗುರುದೇವಿಯ ತಲೆಯಲ್ಲಿ ಇನ್ನೂ ಆಟವೇ ಓಡುತ್ತಿತ್ತು. “ಹೊಡದಾರ್ರಿ ಅಜ್ಜಾರ. ಹನ್ನೊಂದು ಸಲ ಸಾಯಿಸ್ಯಾರ!”

ಸತ್ಯಭಾಮಾಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಯವ್ವಾ! ಹನ್ನೊಂದು ಸಲ!”

“ನಾ ಏನು ಬಿಟ್ಟಿಲ್ರಿ. ಹದಿನಾಲ್ಕು ಸಲ ಸಾಯಿಸೀನಿ!”

ಮೂವರೂ ಆಗ ನನ್ನ ಹುಬ್ಬನ್ನು ನೋಡಿದರು. ಅಂಬಾದಾಸರು ಕೊಡೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

“ಮತ್ತ ಕೋಳಿ?” ಅಮರಯ್ಯನವರು ದನಿ ತಗ್ಗಿಸಿ ಕೇಳಿದರು.

“ತಿನ್ನು ತಿನ್ನು ಅಂತ ಬಡಕೊಂಡ್ರು. ನಾ ಸತ್ತೆ, ತಿನ್ನಲಿಲ್ಲ!”

“ಶರಣವ್ವ!” ಅಮರಯ್ಯನವರು ಎರಡೂ ಕೈ ಜೋಡಿಸಿದರು. “ನಿಷ್ಠಾ ಅಂದ್ರ ಇದು!” ಎಂದವರೇ ನನ್ನ ಕಡೆ ತಿರುಗಿ, “ಕೋಳಿ ಎಲ್ಲೈತಿ? ತಗೀರಿ ಹೊರಗ!” ಎಂದು ಗುಡುಗಿದರು.

ಒಂದು ಕೋಳಿಗಾಗಿ ಕೈಗೆ ಕೋಳ ಬೀಳುವ ಹೊತ್ತು! ನಾನು ಟಿವಿ ತೋರಿಸಿದೆ. “ಅಲ್ಲೈತ್ರಿ. ಕಸದ ಡಬ್ಬಿ ಪಕ್ಕ.” ಆಟ, ಪತ್ರಿಕೆ, ಪರಂಪರೆ ಎಂದು ಏನೇನೋ ತೊದಲಿದೆ. ಯಾರೂ ನಂಬಲಿಲ್ಲ.

“ಆಡಿ ತೋರಸ್ರಿ,” ಎಂದು ಅಮರಯ್ಯನವರು ಸೋಫಾದಲ್ಲಿ ಕುಳಿತೇಬಿಟ್ಟರು.

ಆಡಿದೆವು. ಮರ್ಯಾದೆಯ ಪ್ರಶ್ನೆ! ಮೂರು ಜನರೆದುರು ಉಕ್ಕಿನ ಕಾಶಿಯಾಗಿದ್ದ ನಾನು ಎರಡೇ ನಿಮಿಷದಲ್ಲಿ ತುಕ್ಕಿನ ಕಾಶಿಯಾದೆ. ಇದ್ದಬದ್ದ ಕೋಳಿಯನ್ನೆಲ್ಲ ತಿಂದೂ ಸತ್ತೆ. ಗುರುದೇವಿ ಮಾತ್ರ ಒಂದು ತುಣುಕೂ ಮುಟ್ಟದೆ, ಬೀದಿ ಮೇಲೆ ಬೀದಿ ಗುಡಿಸುತ್ತ ಹೋದಳು. “ಎಡಕ್ಕ ಬಂದಾ ನೋಡವ್ವ!” ಎಂದು ಅಮರಯ್ಯನವರು ಎದ್ದು ನಿಂತರು. “ಹಾಕ್ ಅವನಿಗೆ!” ಎಂದು ಸತ್ಯಭಾಮಾಬಾಯಿ ಚಪ್ಪಾಳೆ ತಟ್ಟಿದರು. ಬೆಟ್ಟದಂಥ ಕೊನೆಯ ಖಳನನ್ನು ಅವಳು ಕೆಡವಿದಾಗ ಅಂಬಾದಾಸರು ಕೊಡೆ ಬಿಚ್ಚಿ ಕುಣಿದರು.

ಹೊರಡುವಾಗ ಅಮರಯ್ಯನವರು ಬಾಗಿಲಲ್ಲಿ ನಿಂತು ತೀರ್ಪಿತ್ತರು. “ಕಾಶಿನಾಥರ, ಆ ಎರಡು ಪುಟ ನೀವು ಬರೀಬ್ಯಾಡ್ರಿ. ಆಟ ಮುಗಿಸಿದೋರು ಬರೀಲಿ.”

ಮುಂದಿನ ಭಾನುವಾರ ಪತ್ರಿಕೆ ಬಂತು. ಗುರುದೇವಿಯ ವಿಮರ್ಶೆ ಕಾಲು ಪುಟವನ್ನೂ ದಾಟಿರಲಿಲ್ಲ: ‘ಆಟ ಚೆನ್ನಾಗಿದೆ. ಬಣ್ಣ ಚೆನ್ನಾಗಿದೆ. ಕಸದ ಡಬ್ಬಿಯಲ್ಲಿ ಊಟ ಇಟ್ಟಿರುವುದು ತಪ್ಪು. ಬಾಳೆಹಣ್ಣು ಇಡಬಹುದಿತ್ತು, ಅದೂ ಬುಟ್ಟಿಯಲ್ಲಿ. ಆಟಕ್ಕೆ ಹತ್ತಕ್ಕೆ ಎಂಟು. ಜೊತೆಗೆ ಆಡಿದವರಿಗೆ ಹತ್ತಕ್ಕೆ ನಾಲ್ಕು.’

ಸೋಮವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನು ಟಿಫನ್ ಡಬ್ಬಿ ತೆಗೆದದ್ದೇ ತಡ, ನಾಲ್ಕೂ ಕಡೆಯಿಂದ ಸಂಘದ ಸದಸ್ಯರ ನಾಲ್ಕು ನಾಲ್ಕು ಬೆರಳು ಎದ್ದವು! ತಡೆಯಲಾರದೆ ಅಮರಯ್ಯನವರಿಗೆ ಫೋನು ಮಾಡಿದೆ.

“ಏನ್ರಿ ಇದು? ಆಟದ ವಿಮರ್ಶಾನೋ, ನಂದೋ?”

ಆ ಕಡೆಯಿಂದ ದೀರ್ಘವಾದ ನಿಟ್ಟುಸಿರು ಕೇಳಿಸಿತು. “ನಾಲ್ಕಕ್ಕ ಅಳತೀರಲ್ರೀ! ಅದನ್ನೋದಿ ನಮ್ಮ ಮನಿಯಾಕಿನೂ ನನಗ ಅಂಕ ಹಾಕ್ಯಾಳ. ಎರಡು!”

ನನ್ನ ಎದೆ ಮತ್ತೆ ಉಬ್ಬಿತು. ಸಂಜೆ ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ಮೀಸೆ ತಿರುವಿದೆ. “ಕೇಳಿದೇನು? ಅಮರಯ್ಯನವರಿಗೆ ಬರೇ ಎರಡಂತ! ನನಗ ನಾಲ್ಕು!”

ಗುರುದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಅವರ ಮನಿಯವರು ಭಾಳ ಕಡಕ್ ಅದಾರ್ರಿ. ನಾ ನಿಮಗ ಗ್ರೇಸ್ ಮಾರ್ಕ್ಸ್ ಹಾಕೀನಿ.”